ಹೆಸರು ಅಳಿಸಿದ ಹದಿನಾಲ್ಕು ದಿನಗಳು

ಜಲಜಾಕ್ಷಿ ಕಾಪುವಿನ ಕಡೆಯವಳು. ದುಬೈಯ ಅಲ್ ಮುರಕ್ಕಬಾತಿನ ಒಂದು ಚಿಕಿತ್ಸಾಲಯದಲ್ಲಿ ಒಂಬತ್ತು ವರ್ಷಗಳಿಂದ ಪರೀಕ್ಷೆಗೆಂದು ಜನರ ತೋಳಿನಿಂದ ರಕ್ತ ತೆಗೆಯುತ್ತಿದ್ದಳು. ಅವಳ ಮಗಳು ಸುಪ್ರೀತಾ ನಾನು ಪಾಠ ಮಾಡುತ್ತಿದ್ದ ತರಗತಿಯಲ್ಲಿದ್ದಳು. ನಮ್ಮ ಎರಡೂ ಮನೆಗಳು ಒಂದೇ ಕಟ್ಟಡದಲ್ಲಿದ್ದವು. ಹಾಗಾಗಿ ಈ ಸಂಗತಿಯನ್ನೆಲ್ಲ ಜಲಜಾಕ್ಷಿಯ ಬಾಯಿಂದಲೇ, ಆಯಾ ದಿನದ ಕೋಪದ ಸಮೇತ ಕೇಳಿದ್ದೇನೆ. 2014ನೆಯ ಇಸವಿಯ ಮಾತು.

ಅಲ್ಲಿ ಕೆಳ ಮಹಡಿಯಲ್ಲಿ ರಕ್ತ ತೆಗೆಯುವವರು ಮೂವರು: ಜಲಜಾಕ್ಷಿ, ಶರ್ಮಿಳಾ ಮತ್ತು ಕೀರ್ತನ್. ತಾವು ತುಂಬಿದ ಕೊಳವೆಯ ಚೀಟಿಯ ಮೂಲೆಯಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಬರೆದು ಮೇಲಿನ ಮಹಡಿಯ ಪ್ರಯೋಗಾಲಯಕ್ಕೆ ಕಳುಹಿಸುವುದು ಅವರ ಕ್ರಮ. ಯಂತ್ರದಲ್ಲಿ ತಿರುಗಿಸಿದ ಮೇಲೆ ರಕ್ತದ ತಿಳಿ ಒಣಹುಲ್ಲಿನ ಬಣ್ಣದಲ್ಲಿ ಮೇಲೆ ನಿಲ್ಲುತ್ತದೆ. ತೆಗೆಯುವಾಗ ಕೆಂಪು ಕಣಗಳು ಒಡೆದಿದ್ದರೆ ಆ ತಿಳಿ ಗುಲಾಬಿಯಾಗಿರುತ್ತದೆ. ಅಂಥ ರಕ್ತ ಪರೀಕ್ಷೆಗೆ ಬಾರದು, ರೋಗಿಯನ್ನು ಮತ್ತೆ ಕರೆಸಿ ಚುಚ್ಚಬೇಕು. ಎಷ್ಟು ಗುಲಾಬಿಯಾದರೆ ತಿರಸ್ಕರಿಸಬೇಕೆಂದು ನಿರ್ಧರಿಸುತ್ತಿದ್ದುದು ಪ್ರಯೋಗಾಲಯದ ಸುಸನ್ ಬಾಯಿಯ ಕಣ್ಣು. ಎಲ್ಲರೂ ಗೌರವದಿಂದ ‘ಬಾಯಿ’ ಎನ್ನುತ್ತಿದ್ದ ಕಿನ್ನಿಗೋಳಿಯ ಆ ಹಿರಿಯ ಹೆಂಗಸು ಇಪ್ಪತ್ತು ವರ್ಷಗಳ ಅನುಭವಸ್ಥೆ, ಯಾರಿಗೂ ಕೇಡು ಬಯಸಿದವರಲ್ಲ.

ಆ ವರ್ಷದ ರಂಜಾನ್ ಕಡುಬೇಸಿಗೆಯಲ್ಲಿ ಬಂದಿತ್ತು. ಉಪವಾಸದವರ ನರಗಳು ನೀರಿಲ್ಲದೆ ದಾರದಂತಾಗಿದ್ದವು. ಒಂದೇ ದಿನ ಜಲಜಾಕ್ಷಿ ತೆಗೆದ ಮೂರು ಕೊಳವೆಗಳು ತಿರಸ್ಕೃತವಾದವು. ಅಷ್ಟೇ ಸಾಕಾಯಿತು. ನಮ್ಮ ಊರಿನವರಿಗೆ ‘ಕೈಗುಣ’ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆಯಲ್ಲವೆ?

“ಆ ಸಿಸ್ಟರ್ ಬೇಡ ಮಾರಾಯ್ರೆ, ಕೈಗುಣ ಸರಿ ಇಲ್ಲವಂತೆ,” ಎಂದು ಮಂಗಳೂರಿನ ಕಡೆಯ ರೋಗಿಗಳು ಪಿಸುಗುಟ್ಟತೊಡಗಿದರು. ಸೆಪ್ಟೆಂಬರ್ ತಿಂಗಳಲ್ಲಿ ಅವಳವು ಹದಿಮೂರು ತಿರಸ್ಕೃತವಾದವು. ಉಳಿದಿಬ್ಬರದು ಸೇರಿ ನಾಲ್ಕು.

ಮಂಗಳೂರಿನ ಕಡೆಯವನೇ ಆದ ವ್ಯವಸ್ಥಾಪಕ ಬ್ರಾಯನ್ ಒಂದು ಎಚ್ಚರಿಕೆಯ ಪತ್ರವನ್ನು ಅವಳ ಮುಂದಿಟ್ಟ. ಕೆಲಸದಲ್ಲಿ ಕೌಶಲ ಸಾಲದೆಂದು ತಾನೇ ಒಪ್ಪಿಕೊಂಡಂತೆ ಅವಳು ಸಹಿ ಹಾಕಬೇಕಿತ್ತು. ನವೆಂಬರಿಗೆ ಅವಳ ಕರಾರು ಮುಗಿಯುವುದಿತ್ತು. ಆ ಪತ್ರ ಕಡತದಲ್ಲಿದ್ದರೆ ಕರಾರು ಮುಂದುವರಿಯುವುದು ಅನುಮಾನ. ಕರಾರು ಹೋದರೆ ವೀಸಾವೂ ಹೋಗುತ್ತದೆ.

“ಸೈನ್ ಮಾಡು ಮಾರಾಯ್ತಿ, ಫಾರ್ಮಾಲಿಟಿ ಅಷ್ಟೆ.”

“ತಪ್ಪು ಒಪ್ಪಿಕೊಂಡ ಕಾಗದ ಫಾರ್ಮಾಲಿಟಿ ಹೇಗಾಗ್ತದೆ ಸರ್?”

“ಹಾಗಾದ್ರೆ ಹದಿಮೂರು ಸುಳ್ಳಾ?”

“ಸುಳ್ಳಲ್ಲ. ಯಾಕೆ ಹದಿಮೂರು ಅಂತ ಯಾರೂ ನೋಡ್ಲಿಲ್ಲ. ನಾನು ಸೈನ್ ಹಾಕುವುದಿಲ್ಲ.”

ಅಂದು ಸಂಜೆ ನಮ್ಮ ಮನೆಗೆ ಬಂದವಳು ಕೆಂಡವಾಗಿದ್ದಳು. “ಸುಸನ್ ಬಾಯಿಯ ತಂಗಿಯ ಮಗಳು ಊರಲ್ಲಿ ಕೆಲಸ ಇಲ್ಲದೆ ಕೂತಿದ್ದಾಳೆ ಮಾಸ್ಟ್ರೇ. ನನ್ನನ್ನು ಎಬ್ಬಿಸಿ ಅವಳನ್ನು ಕೂರಿಸ್ಲಿಕ್ಕೆ ಈ ಆಟ.”

“ಅದಕ್ಕೆ ಸಾಕ್ಷಿ ಏನಮ್ಮ?” ಎಂದೆ.

ಅವಳು ಚಹಾದ ಲೋಟವನ್ನು ಕೆಳಗಿಟ್ಟಳು. ಆಮೇಲೆ, “ಅವರು ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡ್ತಾ ಇದ್ದೇನೆ,” ಎಂದು ತನ್ನ ಮೇಲೆಯೇ ಸಿಟ್ಟಾದಳು.

ಮರುದಿನ ಏನೋ ನೆವ ಹೇಳಿ ಮೇಲಿನ ಮಹಡಿಗೆ ಹೋಗಿ, ಸುಮ್ಮನೆ ನಿಂತು ನೋಡಿದಳು. ಶರ್ಮಿಳಾ ಮತ್ತು ಕೀರ್ತನ್ ಕಳುಹಿಸಿದ ಕೊಳವೆಗಳನ್ನು ಸುಸನ್ ಬಾಯಿ ಸ್ಟ್ಯಾಂಡಿನಲ್ಲಿ ಇದ್ದಂತೆಯೇ ನೋಡಿ ಮುಂದಕ್ಕೆ ಸರಿಸುತ್ತಿದ್ದರು. ‘ಜೆ’ ಎಂದು ಬರೆದದ್ದನ್ನು ಮಾತ್ರ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ತಾನು ಹಾಗೆ ಮಾಡುತ್ತಿದ್ದೇನೆಂಬ ಅರಿವು ಅವರ ಮುಖದಲ್ಲಿರಲಿಲ್ಲ. ನಂಬಿದ್ದನ್ನೇ ಹುಡುಕಿ ಕಾಣುವ ಮನಸ್ಸಿನ ಈ ಚಾಳಿಗೆ ಮನಶ್ಶಾಸ್ತ್ರದವರು ಹೆಸರಿಟ್ಟಿದ್ದಾರೆ. ಜಲಜಾಕ್ಷಿಗೆ ಆ ಹೆಸರು ಗೊತ್ತಿರಲಿಲ್ಲ. ಆದರೆ ಕಂಡದ್ದನ್ನು ಅವಳು ಕೂಡಲೇ ತೀರ್ಪು ಮಾಡಿಕೊಳ್ಳಲಿಲ್ಲ. ಸುಸನ್ ಬಾಯಿಗೂ ಹೇಳಲಿಲ್ಲ. ನೆಟ್ಟಗೆ ಬ್ರಾಯನ್‌ನ ಬಳಿಗೆ ಹೋದಳು.

“ಹದಿನಾಲ್ಕು ದಿನ ಕೊಡಿ ಸರ್. ಕೊಳವೆಯ ಮೇಲೆ ನಮ್ಮ ಯಾರ ಅಕ್ಷರವೂ ಬೇಡ, ರೋಗಿಯ ಹೆಸರು ಮಾತ್ರ ಸಾಕು. ಯಾರು ತೆಗೆದದ್ದು ಅಂತ ಕೆಳಗೆ ಒಂದು ಬುಕ್ಕಲ್ಲಿ ಬರೆಯುವ. ರೋಗಿಗಳು ಟೋಕನ್ ನಂಬರಿನ ಪ್ರಕಾರ ಬರಲಿ. ತೆಳು ನರದ ಅಜ್ಜಿಯರೆಲ್ಲ ನನ್ನ ಪಾಲಿಗೆ ಬೇಡ, ಸುಲಭದವರನ್ನು ನಾನು ಆರಿಸುವುದೂ ಬೇಡ.”

“ಇದೆಂತ, ಕಾಲೇಜಾ? ಸರಿ, ಬುಕ್ ನೀನೇ ಇಟ್ಕೋ.”

“ಬೇಡ. ನನಗೆ ಗೆಲ್ಲುವ ಆಸೆ ಉಂಟು. ಆಸೆ ಇದ್ದವರ ಕೈಯಲ್ಲಿ ಬುಕ್ ಇರಬಾರದು.”

“ನಿನ್ನದೇ ಜಾಸ್ತಿ ಬಂದ್ರೆ?”

“ನಿಮ್ಮ ಕಾಗದಕ್ಕೆ ಸೈನ್ ಹಾಕಿ ಊರಿಗೆ ಟಿಕೆಟ್ ತೆಗೀತೇನೆ.”

ಪುಸ್ತಕವು ಮುಂಬಾಗಿಲಿನಲ್ಲಿ ಟೋಕನ್ ಕೊಡುವ ಅಬೂಬಕ್ಕರ್‌ನ ಮೇಜಿನ ಖಾನೆ ಸೇರಿತು. ಒಬ್ಬೊಬ್ಬ ರೋಗಿ ಎದ್ದಾಗಲೂ ಅವನೇ ಬರೆದು ಬೀಗ ಹಾಕುತ್ತಿದ್ದ. “ಓಟಿನ ಪೆಟ್ಟಿಗೆಯಾ ಇದು? ಕೀ ನನ್ನ ಬನಿಯನಿನ ಒಳಗೆ ಉಂಟು. ಮಂತ್ರಿ ಬಂದ್ರೂ ಮಾಫಿ, ಇಲ್ಲ ಅಂದ್ರೆ ಇಲ್ಲ!” ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ.

ಏಳನೆಯ ದಿನ ಬ್ರಾಯನ್‌ಗೆ ತಾಳ್ಮೆ ಮುಗಿಯಿತು. “ಅರ್ಧ ಆಯ್ತಲ್ಲ, ಓಪನ್ ಮಾಡಿ ನೋಡುವ. ಖಲಾಸ್.”

“ನಿಮಗೆ ಬೇಕಾದ ಹಾಗೆ ಬಂದಿದ್ರೆ ನಿಲ್ಲಿಸ್ತೀರಿ, ಇಲ್ಲದಿದ್ರೆ ಇನ್ನೂ ಏಳು ದಿನ ನೋಡುವ ಅಂತೀರಿ. ಹದಿನಾಲ್ಕು ಅಂದ್ರೆ ಹದಿನಾಲ್ಕು.”

“ಹೆದರಿಕೆಯಾ?”

“ಹೌದು, ಹೆದರಿಕೆ ಉಂಟು. ಆದ್ರೂ ತೆರೆಯಬೇಡಿ.”

ಅಂದು ಬೆಳಿಗ್ಗೆ ಅವಳ ಸೂಜಿಗೆ ಇಬ್ಬರ ನರ ಜಾರಿತ್ತು. ಎರಡು ಕೊಳವೆಗಳೂ ಕೆಟ್ಟಿರಬಹುದೆಂದು ಅವಳಿಗೇ ಅನುಮಾನವಿತ್ತು. ಉಳಿದ ಏಳು ದಿನ ಅವಳ ಮನೆಯಲ್ಲಿ ಅಡಿಗೆಗೆ ಉಪ್ಪು ಒಮ್ಮೆ ಹೆಚ್ಚು, ಒಮ್ಮೆ ಇಲ್ಲ ಎಂದು ಸುಪ್ರೀತಾ ನನಗೆ ಇಂಗ್ಲಿಷಿನಲ್ಲಿ ದೂರು ಕೊಟ್ಟಳು.

ಹದಿನಾಲ್ಕನೆಯ ದಿನದ ಮರು ಬೆಳಿಗ್ಗೆ ಎಲ್ಲರೆದುರು ಪುಸ್ತಕ ತೆರೆದು, ತಿರಸ್ಕೃತ ಕೊಳವೆಗಳ ಪಟ್ಟಿಯೊಂದಿಗೆ ತಾಳೆ ನೋಡಲಾಯಿತು. ಮೂವರೂ ಹೆಚ್ಚುಕಡಿಮೆ ಸಮನಾಗಿ ರಕ್ತ ತೆಗೆದಿದ್ದರು. ಸುಸನ್ ಬಾಯಿ ತಿರಸ್ಕರಿಸಿದ್ದು ಒಟ್ಟು ಹನ್ನೆರಡು: ಶರ್ಮಿಳಾಳವು ಐದು, ಜಲಜಾಕ್ಷಿಯವು ನಾಲ್ಕು, ಕೀರ್ತನ್‌ನವು ಮೂರು. ಬ್ರಾಯನ್ ಇನ್ನೇನಾದರೂ ಬರೆದಿದೆಯೋ ಎಂಬಂತೆ ಹಾಳೆಯ ಹಿಂಬದಿಯನ್ನೂ ನೋಡಿದ.

ಸುಸನ್ ಬಾಯಿಯ ಮುಖ ಇಳಿದುಹೋಯಿತು. “ನಾನು ಸುಳ್ಳು ಹೇಳ್ಲಿಲ್ಲ ಜಲಜಾ, ದೇವರಾಣೆ. ಕಂಡದ್ದನ್ನೇ ಬರೆದದ್ದು.”

“ಗೊತ್ತುಂಟು ಬಾಯಿ. ಆದ್ರೆ ನನ್ನದನ್ನು ಮಾತ್ರ ಕಿಟಕಿಗೆ ಹಿಡೀತಿದ್ರಿ. ಹಾಗೆ ಹಿಡಿದು ಹುಡುಕಿದ್ರೆ ಯಾರ ರಕ್ತವೂ ಸ್ವಲ್ಪ ಗುಲಾಬಿಯೇ.”

“ನಾನಾ? ಹಾಗೆ ಮಾಡ್ತಿದ್ದೆನಾ?” ಆ ಹೆಂಗಸು ತಮ್ಮ ಕೈಯನ್ನೇ ನೋಡಿಕೊಂಡರು.

“ನಿಮ್ಮ ಜಾಗದಲ್ಲಿ ನಾನಿದ್ರೂ ಹಿಡೀತಿದ್ದೆ. ಮನಸ್ಸಲ್ಲಿ ನಾನೂ ನಿಮ್ಮ ಮೇಲೆ ಇಲ್ಲದ್ದನ್ನು ಹೊರಿಸಿದ್ದೆ.”

ಕೀರ್ತನ್ ಚಪ್ಪಾಳೆ ತಟ್ಟಿ, “ಹಾಗಾದ್ರೆ ಜಲಜಕ್ಕನ ಕೈಗುಣವೇ ಒಳ್ಳೇದು!” ಎಂದ.

“ನೀನು ಬಾಯಿ ಮುಚ್ಚು,” ಎಂದಳು ಜಲಜಾಕ್ಷಿ. “ಹದಿನಾಲ್ಕು ದಿನದ ಲೆಕ್ಕದಲ್ಲಿ ನಾನು ಎಲ್ಲರಿಗಿಂತ ಒಳ್ಳೆಯವಳು ಅಂತ ಎಲ್ಲಿಯೂ ಇಲ್ಲ. ನಾನು ಎಲ್ಲರಿಗಿಂತ ಕೆಟ್ಟವಳು ಅಂದ ಮಾತು ನಿಲ್ಲುವುದಿಲ್ಲ, ಅಷ್ಟೆ.”

ಉಳಿದವರು ಹೋದ ಮೇಲೆ ಬ್ರಾಯನ್ ಎಚ್ಚರಿಕೆಯ ಪತ್ರವನ್ನು ಹರಿಯಲು ಕೈಗೆತ್ತಿಕೊಂಡ.

“ಹರಿಯಬೇಡಿ ಸರ್. ಹರಿದ್ರೆ, ದಯೆ ತೋರಿಸಿ ಬಿಟ್ಟದ್ದು ಅಂತ ನಾಳೆ ಹೇಳ್ತಾರೆ. ಹೇಗೆ ಪರೀಕ್ಷೆ ಮಾಡಿದ್ದು, ಯಾರದು ಎಷ್ಟು, ಎಲ್ಲ ಅದರ ಕೆಳಗೆ ಬರೆದು ನಿಮ್ಮ ಸೈನ್ ಹಾಕಿ. ಇನ್ನು ಮುಂದೆ ಕೊಳವೆಯ ಮೇಲೆ ಯಾರ ಅಕ್ಷರವೂ ಇಲ್ಲ ಅಂತಲೂ ಬರೆಯಿರಿ.”

“ನಿನ್ನ ವೀಸಾಕ್ಕೆ ಇನ್ನು ಒಂಬತ್ತು ದಿನ ಮಾತ್ರ ಉಂಟು ಮಾರಾಯ್ತಿ. ಮೊದಲು ಕರಾರಿಗೆ ಸೈನ್ ಹಾಕು. ಇದನ್ನೆಲ್ಲ ಮತ್ತೆ ನೋಡುವ.”

“ಮೊದಲು ಈ ಕಾಗದ. ಮತ್ತೆ ಕರಾರು.”

ಅವಳು ಅವನೆದುರಿನ ಕುರ್ಚಿಯನ್ನು ಎಳೆದು ಕುಳಿತಳು. ಸ್ವಲ್ಪ ಹೊತ್ತಿನಲ್ಲಿ ಅಬೂಬಕ್ಕರ್ ಬಾಗಿಲಿನಿಂದ ಇಣುಕಿದ. “ಯಲ್ಲಾ, ಬೇಗ ಬನ್ನಿ ಜಲಜಕ್ಕ, ಹೊರಗೆ ಏಳು ಜನ ಕೂತಿದ್ದಾರೆ.”

“ಇಬ್ಬರು ಇದ್ದಾರಲ್ಲ, ನೋಡ್ಲಿ. ಸರ್ ಟೈಪ್ ಮಾಡ್ತಾ ಇದ್ದಾರೆ.”

ಬ್ರಾಯನ್ ಇನ್ನೂ ಒಂದಕ್ಷರವನ್ನೂ ಟೈಪ್ ಮಾಡಿರಲಿಲ್ಲ. ಅವಳ ಮುಖವನ್ನೊಮ್ಮೆ ನೋಡಿ, ಕೀಬೋರ್ಡನ್ನು ತನ್ನತ್ತ ಎಳೆದುಕೊಂಡ.