ಓರಗಿತ್ತಿಯ ಗದ್ದೆಯ ಹಸಿರು

ನನ್ನ ಓರಗಿತ್ತಿಯ ಭತ್ತದ ಪೈರು ನನ್ನದಕ್ಕಿಂತ ಹಸಿರಾಗಿರುತ್ತಿತ್ತು. ತೊಂಬತ್ತರ ದಶಕದಲ್ಲಿ ಬೆಳಗೊಳದ ನಾಲೆ ಕೆಳಗೆ ಬೇಸಾಯ ಮಾಡುತ್ತಿದ್ದಾಗ ನನಗಿದ್ದ ದೊಡ್ಡ ಸಂಕಟ ಅದೇ. ಮಾವ ಇಬ್ಬರು ಗಂಡುಮಕ್ಕಳಿಗೂ ಅಕ್ಕಪಕ್ಕದ ಗದ್ದೆ ಬಿಟ್ಟುಕೊಟ್ಟಿದ್ದರು. ನಡುವೆ ಒಂದು ಬದು, ಅಷ್ಟೇ. ಆದರೂ ದಾರಿಹೋಕರೆಲ್ಲ ಅವಳ ಗದ್ದೆಯ ಹತ್ತಿರವೇ ನಿಂತು ನೋಡುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಅವಳು ನಾಟಿಗೆ ಮುಂಚೆ ನಾಲೆ ಏರಿಯ ಹೊಂಗೆ ಸೊಪ್ಪು ತರಿದು, ಹೊರೆ ಹೊತ್ತು ತಂದು ಕೆಸರಿನಲ್ಲಿ ತುಳಿಯುತ್ತಿದ್ದಳು. ಎಳೆ ಸೊಪ್ಪು, ಬೇಗ ಕೊಳೆತು ಪೈರಿಗೆ ಸಾರ ಕೊಡುತ್ತದೆ. ನಾನು ಆ ಸೊಪ್ಪನ್ನು ಲೆಕ್ಕಕ್ಕೇ ಇಡಲಿಲ್ಲ. ಒಳ್ಳೇ ಮಣ್ಣೆಲ್ಲ ಅವಳ ಪಾಲಿಗೆ ಹೋಗಿದೆ, ಅದಕ್ಕೇ ಮೆರೆಯುತ್ತಾಳೆ ಅಂದುಕೊಂಡೆ.

ಒಂದು ವರ್ಷ ನಾವು ಕಬ್ಬು ಹಾಕಿ ಆಗತಾನೇ ಕಡಿದಿದ್ದೆವು. ಅಡುಗೆಮನೆಯ ರೇಡಿಯೊದಲ್ಲಿ ಯಾರೋ, ಕಬ್ಬಿನ ಒಣ ತರಗನ್ನು ಸುಡಬೇಡಿ, ಮಣ್ಣಿಗೇ ಸೇರಿಸಿ, ಭೂಮಿಯ ಸಾರ ಹೆಚ್ಚುತ್ತದೆ ಎನ್ನುತ್ತಿದ್ದರು. ಅಷ್ಟರಲ್ಲಿ ಓರಗಿತ್ತಿ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಈ ಮಾತು ಅವಳ ಕಿವಿಗೆ ಬಿದ್ದರೆ ಇನ್ನೂ ಮೆರೆದಾಳು ಎಂದು ರೇಡಿಯೊ ಬಂದ್ ಮಾಡಿದೆ.

"ಯಾಕಕ್ಕ, ನಿಲ್ಲಿಸ್ಬುಟ್ಟೆ?"

"ಸೆಲ್ಲು ವೀಕಾಗವೆ ಕಣೆ."

ಊರವರೆಲ್ಲ ತರಗಿಗೆ ಬೆಂಕಿ ಇಟ್ಟರೆ ನಾನು ಗಂಡನನ್ನು ಕಾಡಿ ಅದನ್ನು ಉಳಿಸಿ, ಅಷ್ಟನ್ನೂ ಮಣ್ಣಿಗೆ ಸೇರಿಸಿ ಉಳುಮೆ ಮಾಡಿಸಿದೆ. ಹಿಂದೆಯೇ ಭತ್ತ ನಾಟಿ ಹಾಕಿಸಿದೆ. ಪೈರು ಹಸಿರಾಗುವುದಿರಲಿ, ಕಾಮಾಲೆ ಬಂದಂತೆ ಹಳದಿಗೆ ತಿರುಗಿತು. ಬದುವಿನಾಚೆ ಅವಳದು ಕಡುಹಸಿರು. ಗಂಡ ತಲೆಗೆ ಕೈ ಹೊತ್ತು ನಿಂತರು. "ಎಲ್ಲಾರಂಗೆ ಸುಟ್ಟಾಕಿದ್ರೆ ಆಗ್ತಿತ್ತು. ನಿನ್ ಮಾತ್ ಕೇಳ್ಕೊಂಡು ಕೆಟ್ಟೆ."

ನಾನು ಸೋಲುವವಳೇ? ಸೀದಾ ಮಾವನ ಮುಂದೆ ಹೋಗಿ ಕೂತೆ. ನಮಗೆ ಕೊಟ್ಟಿರುವುದು ಸತ್ತ ಮಣ್ಣು, ಗದ್ದೆ ಅದಲುಬದಲು ಮಾಡಿಕೊಡಿ ಎಂದು ಹಟ ಹಿಡಿದೆ. ಓರಗಿತ್ತಿ ಎದುರಾಡದೆ ಒಪ್ಪಿದಳು. ಅವಳು ಒಪ್ಪಿದ್ದೂ ನನಗೆ ಸರಿಬರಲಿಲ್ಲ.

"ನೋಡವ್ವ, ಒಂದ್ಸಲ ಬದಲಾಯಿಸ್ಕೊಂಡ್ರೆ ಮುಗೀತು," ಅಂದರು ಮಾವ. "ಆಮೇಲೆ ನನ್ ತಾವ ಬಂದು ಬಾಯ್ ಬುಡಂಗಿಲ್ಲ."

ಕುಯ್ಲು ಮುಗಿದ ಮೇಲೆ ಗದ್ದೆಗಳು ಬದಲಾದವು. ಅಷ್ಟು ಒಳ್ಳೇ ಮಣ್ಣಿಗೆ ಸೊಪ್ಪೇಕೆ ಎಂದು ನಾನು ಏರಿಯ ಕಡೆ ತಲೆಹಾಕಲಿಲ್ಲ. ಅವಳು ಎಂದಿನಂತೆ ಹೊರೆ ಹೊತ್ತಳು.

ನಾಟಿ ಆದಮೇಲೆ ಒಂದು ದಿನ ರೇಡಿಯೊದಲ್ಲಿ ಅದೇ ಮಾತು ಮತ್ತೆ ಬಂತು. ಈ ಸಲ ಪೂರ್ತಿ ಕೇಳಿದೆ. ಒಣ ತರಗು ಮಣ್ಣಿಗೆ ಬಿದ್ದರೆ ಅದನ್ನು ತಿಂದು ಕೊಳೆಸುವ ಸೂಕ್ಷ್ಮಜೀವಿಗಳು ಮೊದಲು ಮಣ್ಣಿನ ಸಾರಜನಕವನ್ನು ತಾವೇ ಎಳೆದುಕೊಳ್ಳುತ್ತವಂತೆ. ಆಗ ಪೈರು ಉಪವಾಸ. ತರಗು ಪೂರ್ತಿ ಕೊಳೆತಮೇಲೆ ಹಿಡಿದಿಟ್ಟಿದ್ದನ್ನು ಮೆಲ್ಲಗೆ ಮಣ್ಣಿಗೆ ಬಿಟ್ಟುಕೊಡುತ್ತವಂತೆ. ಹಾಗಾಗಿ ಸಗಣಿ ಬಗ್ಗಡ ಹಾಕಿ, ಕೊಳೆಯಲು ಬಿಟ್ಟು, ಆಮೇಲೆ ನಾಟಿ ಮಾಡಬೇಕಂತೆ.

ಒಲೆ ಮೇಲಿನ ಸಾರನ್ನು ಹಾಗೇ ಬಿಟ್ಟು ಗದ್ದೆಗೆ ಓಡಿದೆ. ಈಗ ನನ್ನದಾಗಿದ್ದ ಗದ್ದೆಯ ಪೈರು ಬಡಕಲಾಗಿತ್ತು. ನಾನು ಬೇಡವೆಂದು ಬಿಟ್ಟುಕೊಟ್ಟ ಗದ್ದೆ ಕಪ್ಪಗೆ ಕಾಣುವಷ್ಟು ಹಸಿರಾಗಿತ್ತು. ನನ್ನ ತರಗು, ನಾನು ಬೈಸಿಕೊಂಡು ಉಳಿಸಿದ ತರಗು, ಅವಳಿಗೆ ಅನ್ನವಾಗುತ್ತಿತ್ತು. ಮಾವನ ತಾವ ಹೋಗಲು ಬಾಯಿರಲಿಲ್ಲ.

ಸುಗ್ಗಿ ಆದಮೇಲೆ ಅವಳು ಮೊರದ ತುಂಬ ಹೊಸಕ್ಕಿ ತಂದಳು. "ನಿಮ್ ಗದ್ದೇದೇ ಕಣಕ್ಕ, ಮೊದ್ಲು ನೀನುಣ್ಬೇಕು," ಅಂದಳು. ಅಣಕವಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಇರಲಿಲ್ಲ.

ಆ ರಾತ್ರಿ ಗಂಡ ಎರಡನೇ ಸಲ ಅನ್ನ ಹಾಕಿಸಿಕೊಂಡರು. ನಾನೂ ಹಾಕಿಕೊಂಡೆ.