ಯಾರೂ ಹಾಕದ ಬೀಗ

ಬಿ.ಜಿ. ಕೆರೆ ಕಡೆಯ ಹಳ್ಳಿಯೊಂದರಲ್ಲಿ ಉಗ್ರನೊಬ್ಬ ಸಿಕ್ಕಿಬಿದ್ದನಂತೆ ಎಂಬ ಮಾತು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುಂದಿನ ಚಹಾ ಅಂಗಡಿಯಲ್ಲಿ ನನ್ನ ಕಿವಿಗೆ ಬಿತ್ತು. ಆಗ ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಠಾಣೆಗೆ ಫೋನ್ ಮಾಡಿದೆ. 'ಅಂಥದ್ದೇನೂ ನಡೆದಿಲ್ಲ' ಎಂದರು ಇನ್‌ಸ್ಪೆಕ್ಟರ್. ನಡೆಯದಿದ್ದುದನ್ನು ನೋಡಿ ಬರಲು ಬಸ್ ಹತ್ತಿದೆ.

ಅವನು ಸಿಕ್ಕಿಬಿದ್ದನೆನ್ನಲಾದ ಮನೆಯ ರೈತ, ಸೀರೆ ವ್ಯಾಪಾರಿ ಎಂದು ಹೇಳಿಕೊಂಡ ಹೊರಗಿನವನೊಬ್ಬನಿಗೆ ಕೋಣೆ ಬಾಡಿಗೆ ಕೊಟ್ಟಿದ್ದ. ನಮ್ಮ ಕಡೆ ಕೋಣೆ ಬಾಡಿಗೆಗೆ ಹೋದರೂ ಬಿತ್ತನೆ ಶೇಂಗಾದ ಚೀಲಗಳು ಅಲ್ಲೇ ಇರುತ್ತವೆ. ಬಾಡಿಗೆಯವನು ಅವುಗಳ ಪಕ್ಕದಲ್ಲಿ ಚಾಪೆ ಹಾಸಿಕೊಳ್ಳಬೇಕು. ಜೀಪುಗಳಲ್ಲಿ ಬಂದವರು ಅವನನ್ನು ಕರೆದೊಯ್ದು, ಬಾಗಿಲಿಗೆ ಬೀಗ ಜಡಿದು, ಅರಗಿನ ಮುದ್ರೆ ಒತ್ತಿ ಹೋಗಿದ್ದರು. ಚೀಲಗಳು ಒಳಗೇ ಉಳಿದಿದ್ದವು. ಹೊರಗೆ ಹದವಾದ ಮಳೆಯಾಗಿತ್ತು.

'ಹದ ಹೋಗ್ತೈತೆ ಸಾರ್. ನೆಲ ಒಣಗಿದ್ಮ್ಯಾಲೆ ಏನು ಬಿತ್ಲಿ?' ಎಂದ ರೈತ.

ಬಿತ್ತನೆಗೆ ಶೇಂಗಾ ಕಾಯಿ ಸುಲಿಯಲು ಬಂದಿದ್ದ ಹೆಂಗಸರು ಕೆಲಸವಿಲ್ಲದೆ ಜಗುಲಿಯ ಮೇಲೆ ಕೂತಿದ್ದರು. ಒಬ್ಬಳು ರೈತನ ಹೆಂಡತಿಯನ್ನು ಕೆಣಕಿದಳು: 'ಟೆರರಿಸ್ಟ್ ಅಂತ ನಿಂಗೆ ಗೊತ್ತೇ ಆಗ್ಲಿಲ್ವೇನಕ್ಕ?'

'ಬಾಡಿಗೆ ಕೇಳೋಕೆ ಮುಂಚೇನೇ ಕೊಡ್ತಿದ್ದ ಕಣೆ. ಆವಾಗ್ಲೇ ಅನುಮಾನ ಬರಬೇಕಿತ್ತು.'

ಎದುರಿನ ಬೇವಿನ ಮರದ ಕೆಳಗೆ ಮಫ್ತಿಯಲ್ಲಿದ್ದ ಪೊಲೀಸನೊಬ್ಬ ಬಾಗಿಲನ್ನೇ ನೋಡುತ್ತಿದ್ದ. ಏನು ಕಾಯುತ್ತಿದ್ದೀರಿ ಎಂದು ಕೇಳಿದೆ. 'ಏನೂ ಇಲ್ರಿ' ಎಂದ.

ರೈತನೊಂದಿಗೆ ಠಾಣೆಗೆ ಹೋದೆ.

'ಬೀಗ ತೆಗೆಸ್ರಿ ಸಾಹೇಬ್ರೆ' ಎಂದ ಅವನು.

'ಯಾವ ಬೀಗ?' ಎಂದರು ಇನ್‌ಸ್ಪೆಕ್ಟರ್.

'ನೀವು ಹಾಕಿದ್ದು.'

'ನಾವು ನಿಮ್ಮೂರಿಗೆ ಬಂದೇ ಇಲ್ವಲ್ಲಯ್ಯ.'

'ಹಂಗಾದ್ರೆ ಒಡೀತೀನಿ ಬಿಡ್ರಿ.'

'ಒಡೆದು ನೋಡು, ಒಳಗೆ ಹಾಕ್ತೀನಿ. ಸರ್ಕಾರದ ಬೀಗ ಅದು!'

ಇವೆರಡರಲ್ಲಿ ಯಾವುದನ್ನು ಬರೆಯಲಿ ಎಂದು ಕೇಳಿದೆ. ಇನ್‌ಸ್ಪೆಕ್ಟರ್ ನನಗೆ ಚಹಾ ತರಿಸಿದರು.

ಆ ಮನುಷ್ಯ ಉಗ್ರನೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಹೌದಾಗಿದ್ದರೆ ಪೊಲೀಸರು ಊರಿನವರಿಗೆ ಹೇಳಬೇಕಿತ್ತು. ಅಲ್ಲವಾಗಿದ್ದರೆ ಅದನ್ನೂ ಹೇಳಬೇಕಿತ್ತು. ಅಧಿಕೃತ ದೃಢೀಕರಣವಿಲ್ಲವೆಂದು ನನ್ನ ವರದಿ ಅಚ್ಚಾಗಲಿಲ್ಲ. ಸಂಪಾದಕರ ನಿರ್ಧಾರ ನಿಯಮದಂತೆ ಸರಿಯಾಗಿಯೇ ಇತ್ತು.

ಮರುದಿನ ಮತ್ತೆ ಹೋದಾಗ ರೈತ ಮಾಳಿಗೆಯ ಮೇಲಿದ್ದ. ಕೋಣೆಯ ಚಾವಣಿಯಲ್ಲಿದ್ದ ಬೆಳಕಿಂಡಿಯ ಮುಚ್ಚಳ ತೆಗೆದು, ಹಗ್ಗ ಕಟ್ಟಿ ಹೆಂಡತಿಯನ್ನು ಒಳಗೆ ಇಳಿಬಿಟ್ಟಿದ್ದ. ಅವಳು ಕೆಳಗೆ ಬಕೆಟ್ಟಿಗೆ ಶೇಂಗಾ ತುಂಬುತ್ತಿದ್ದಳು, ಇವನು ಮೇಲಕ್ಕೆ ಎಳೆಯುತ್ತಿದ್ದ. 'ಮೆಲ್ಲಗೆ ಎಳೀರಿ, ತಲೆ ಮ್ಯಾಲೆ ಬೀಳ್ತೈತೆ!' ಎಂದು ಒಳಗಿನಿಂದ ಬೈಗುಳ ಕೇಳಿಬರುತ್ತಿತ್ತು.

ಮಫ್ತಿಯವನು ಎದ್ದು ಬಂದ. ರೈತ ಹಗ್ಗ ಎಳೆಯುವುದನ್ನು ನಿಲ್ಲಿಸಿದ. ಅವನು ಬೀಗವನ್ನೂ ಅರಗನ್ನೂ ಬಗ್ಗಿ ನೋಡಿದ.

'ಬೀಗ ಮುಟ್ಟಿಲ್ಲ ತಾನೆ?'

'ಇಲ್ಲ ಸ್ವಾಮಿ.'

'ಹಂಗಾದ್ರೆ ಏನೂ ನಡೆದಿಲ್ಲ' ಎಂದು ಏಣಿ ಹತ್ತಿ, ಹಗ್ಗಕ್ಕೆ ಕೈ ಹಾಕಿದ.

ಹದ ಆರುವ ಮುಂಚೆ ಬಿತ್ತನೆ ಮುಗಿಯಿತು. ಬೀಗ ಈಗಲೂ ಅಲ್ಲೇ ಇದೆ. ಆ ಮನೆಯವರು ಆ ಕೋಣೆಗೆ ಬೆಳಕಿಂಡಿಯಿಂದಲೇ ಇಳಿಯುತ್ತಾರೆ.