ಮೇಸ್ತ್ರಿ ಬಿಚ್ಚದ ಬೋಲ್ಟು

ಮೇಸ್ತ್ರಿಯ ಎಡಗಣ್ಣಿನ ಮೇಲೆ ಅರ್ಧ ಹುಬ್ಬು ಮಾತ್ರ ಇತ್ತು. ಮಿಕ್ಕರ್ಧವನ್ನು ಯಾವುದೋ ಕಾಲದ ಪೆಟ್ರೋಲ್ ಬೆಂಕಿ ನುಂಗಿತ್ತು. ಏನನ್ನಾದರೂ ನಂಬದಿದ್ದಾಗ ಆ ಅರ್ಧ ಹುಬ್ಬು ಮೇಲೇರುತ್ತಿತ್ತು. ಇಳಿದದ್ದನ್ನು ನಾನು ಕಂಡದ್ದೇ ಕಡಿಮೆ. ಹೊಸ ಹೋಟೆಲಿನ ಟೀಯನ್ನು ಮೂಸದೆ ಕುಡಿದವರಲ್ಲ. ಸೀಲು ಒಡೆಯದ ಆಯಿಲ್ ಡಬ್ಬ ತಂದುಕೊಟ್ಟರೂ ಎರಡು ಬೆರಳಲ್ಲಿ ಉಜ್ಜಿ ನೋಡುವರು.

ಕೊಳ್ಳೇಗಾಲದಲ್ಲಿ ಅವರದು ಬೈಕು, ಪಂಪ್‌ಸೆಟ್ಟುಗಳ ಎಂಜಿನ್ ರಿಪೇರಿ ಅಂಗಡಿ. ನಾನು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಮಧುವನಹಳ್ಳಿಯ ಹತ್ತಿರ ನಮ್ಮ ಹೊಲದ ಶೆಡ್ಡಿನಲ್ಲಿ ಒಬ್ಬರೇ ಕೂರುವ ಪುಟ್ಟ ವಿಮಾನವೊಂದನ್ನು ಕೈಯಾರೆ ಕಟ್ಟಿಕೊಂಡಿದ್ದೆ. ಮೇಷ್ಟ್ರಿಗೆ ತಲೆ ಕೆಟ್ಟಿದೆ ಅಂದವರೇ ಎಲ್ಲ. ಅದರ ಎಂಜಿನ್ನಿಗೆ ಕೈಹಾಕಲು ಒಪ್ಪಿದವರು ಮೇಸ್ತ್ರಿ ಒಬ್ಬರೇ.

ಎಂಜಿನ್ನಿಗೆ ಕಿಡಿ ಕೊಡಲು ಎರಡು ಮ್ಯಾಗ್ನೆಟೊ ಇದ್ದವು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ. ಹಳೇ ಕಾಲದವು. ಬ್ಯಾಟರಿ ಬೇಡ, ಆದರೆ ಒಳಗಿನ ಪಾಯಿಂಟು, ಅಂದರೆ ಕೂಡಿ ಬಿಡುವ ಎರಡು ತುದಿ, ಸವೆಯುತ್ತದೆ, ಆಗಾಗ ಸೆಟ್ ಮಾಡಬೇಕು. ಮೇಸ್ತ್ರಿ ಪಾಯಿಂಟಿನ ನಡುವೆ ಬೀಡಿ ಕಟ್ಟಿನ ತೆಳು ಕಾಗದ ಸಿಕ್ಕಿಸಿ, ಎಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಾ ಕಾಗದ ಎಳೆಯುವರು. ಅದು ಸಡಿಲವಾದ ಕಡೆಯೇ ಕಿಡಿ ಹಾರುವ ಜಾಗ.

ಈ ರಗಳೆ ಸಾಕೆಂದು ನಾನು ಎರಡು ಎಲೆಕ್ಟ್ರಾನಿಕ್ ಇಗ್ನಿಷನ್ ತರಿಸಿದೆ. ಅಂಟು ಹುಯ್ದು ಮುಚ್ಚಿದ ಕರಿ ಡಬ್ಬಗಳು. ಮೇಸ್ತ್ರಿ ಒಂದನ್ನು ತೆಂಗಿನಕಾಯಿಯಂತೆ ಕಿವಿಯ ಹತ್ತಿರ ಅಲ್ಲಾಡಿಸಿದರು.

"ಬಿಚ್ಚಕ್ಕಾಯ್ತದಾ ಸಾ ಇದು?"

"ಇಲ್ಲ. ಕೆಟ್ಟರೆ ಬಿಸಾಕಬೇಕು."

"ಎರಡ್ಕೂ ಒಂದೇ ಬ್ಯಾಟ್ರಿ. ಮ್ಯಾಲೋದಾಗ ಅದು ಸತ್ರೆ? ಒಂದ್ ಆಕ್ಕಳಿ ಸಾ, ಇನ್ನೊಂದು ಅಳೇದೇ ಇರ್ಲಿ."

"ಪಾಠ ಹೇಳೋ ಕೆಲಸ ನಂದು ಮೇಸ್ತ್ರಿ. ಎರಡನ್ನೂ ಬಿಚ್ಚಿ" ಎಂದೆ.

ಒಂದನ್ನು ಬಿಚ್ಚಿ ಡಬ್ಬ ಕೂರಿಸಿದರು. ಮರುದಿನ ಎರಡನೆಯದಕ್ಕೆ ಸ್ಪ್ಯಾನರ್ ಹಾಕಿ, "ಬೋಲ್ಟು ಜಾಮ್ ಆಗದೆ ಸಾ. ಬಲವಂತ ಮಾಡುದ್ರೆ ಕೇಸೇ ಸೀಳೋಯ್ತದೆ" ಎಂದು ಕೈ ಒರೆಸಿಕೊಂಡರು. ಕಳೆದ ತಿಂಗಳು ಸಲೀಸಾಗಿ ಬಿಚ್ಚಿದ ಬೋಲ್ಟು ಈಗ ಜಾಮ್ ಅಂದರೆ ಯಾರು ನಂಬುತ್ತಾರೆ? ಪಾಯಿಂಟು ಹೋದರೆ ಇವರ ಕೆಲಸವೂ ಹೋಗುತ್ತದಲ್ಲ, ಅದಕ್ಕೇ ಆಟ ಕಟ್ಟುತ್ತಿದ್ದಾರೆ ಅನ್ನಿಸಿತು. ಗುಟ್ಟಾಗಿ ಹನೂರಿನ ಮೆಕ್ಯಾನಿಕ್ ಒಬ್ಬನಿಗೆ ಮುಂದಿನ ವಾರ ಬರಹೇಳಿದೆ.

ಅಷ್ಟರವರೆಗೆ ತಡೆಯಲಾರದೆ ಒಂದು ಬೆಳಿಗ್ಗೆ ಹಾರಿದೆ. ಯಳಂದೂರಿನ ಕಡೆ ಗದ್ದೆಗಳ ಮೇಲೆ ಎಂಜಿನ್ ಒಮ್ಮೆ ಮುಗ್ಗರಿಸಿ ಸದ್ದು ಬದಲಾಯಿಸಿತು. ಡಬ್ಬ ಸತ್ತಿತ್ತು. ಎಂಜಿನ್ ಮಾತ್ರ ಕುಂಟುತ್ತಾ ಓಡುತ್ತಲೇ ಇತ್ತು, ಉಳಿದಿದ್ದ ಆ ಹಳೇ ಮ್ಯಾಗ್ನೆಟೊ ಒಂದರ ಮೇಲೆ. ಹೊಲದಲ್ಲಿ ಇಳಿದಾಗಲೂ ನನ್ನ ಕೆಟ್ಟ ಬುದ್ಧಿಗೆ ಮೊದಲು ಹೊಳೆದದ್ದು, ಮೇಸ್ತ್ರಿಯೇ ಏನೋ ಕಿತಾಪತಿ ಮಾಡಿದ್ದಾನೆ ಅಂತ. ಮುಚ್ಚಳ ತೆಗೆದರೆ ಬ್ಯಾಟರಿಯ ವೈರು ಕಳಚಿ ಜೋತಾಡುತ್ತಿತ್ತು. ಅದನ್ನು ಬಿಗಿದವನು ನಾನು.

ಬರಹೇಳಿದ್ದ ಹನೂರಿನವನು ಹೇಳಿದ ದಿನ ಬಂದ. ಬೋಲ್ಟು ನಿಜಕ್ಕೂ ಜಾಮ್ ಆಗಿದೆಯಾ, ಅಷ್ಟು ನೋಡು ಸಾಕು ಎಂದೆ. ಸ್ಪ್ಯಾನರ್ ಇಟ್ಟು ಒಂದು ಸುತ್ತು ತಿರುಗಿಸಿ ನಕ್ಕ. "ಯಾರ್ ಸಾ ಜಾಮ್ ಅಂದೋರು? ಬೆಣ್ಣೆ ಇದ್ದಂಗದೆ."

ತಿರುಗಿ ಬಿಗಿಸಿ, ನೇರ ಮೇಸ್ತ್ರಿಯ ಅಂಗಡಿಗೆ ಹೋದೆ. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

"ನನ್ ಮಾತ್ನ ನೀವ್ ಕೇಳ್ನಿಲ್ಲ ಸಾ. ಬೋಲ್ಟ್ ಮಾತ್ನಾದ್ರೂ ಕೇಳ್ತೀರಿ ಅಂದ್ಕಂಡೆ." ಕೈಲಿದ್ದ ಸ್ಪ್ಯಾನರ್ ಒರೆಸಿಡುತ್ತಾ, "ಅನೂರೋನು ವಾಪಸ್ ಸರ್ಯಾಗ್ ಬಿಗ್ದವ್ನಾ?" ಎಂದರು.

ಬೇರೆಯವನನ್ನು ಕರೆಸಿದ್ದು ಅವರಿಗೆ ಗೊತ್ತೇ ಇತ್ತು. ನಾಚಿಕೆಯಿಂದ ಸಾಯುವಂತಾಯಿತು. ತಪ್ಪಾಯಿತು ಅನ್ನಬೇಕಿತ್ತು; ಮೇಷ್ಟ್ರ ಜಂಬ ಬಿಡಲಿಲ್ಲ. ಮರುದಿನ ಅವರೇ ಶೆಡ್ಡಿಗೆ ಬಂದು ಆ ಬೋಲ್ಟಿಗೆ ಇನ್ನೊಂದು ಕಾಲು ಸುತ್ತು ಕೊಟ್ಟು, ನನ್ನ ಬ್ಯಾಟರಿ ವೈರನ್ನೂ ಎಳೆದು ನೋಡಿ ಹೋದರು.

ಹೋದ ವರ್ಷ ಮೇಸ್ತ್ರಿ ಎದೆನೋವಿನಲ್ಲಿ ತೀರಿಕೊಂಡರು. ನನಗಿಂತ ಐದು ವರ್ಷ ಚಿಕ್ಕವರು. ಮುಳ್ಳೂರಿನ ಅವರ ಹೊಲದಲ್ಲಿ ಹಿಡಿಮಣ್ಣು ಹಾಕುವಾಗ, ತಪ್ಪಾಯ್ತು ಮೇಸ್ತ್ರಿ, ಅಂದೆ. ಪಕ್ಕದವರಿಗೆ ಅರ್ಥವಾಗಲಿಲ್ಲ. ಮೇಸ್ತ್ರಿ ಆ ಒಂದು ಸುಳ್ಳು ಹೇಳದೆ ಹೋಗಿದ್ದರೆ, ನನ್ನ ಮಣ್ಣಿಗೆ ಅವರು ಬರಬೇಕಾಗಿತ್ತು.